ಪ್ರತಿ ವಿದ್ಯಾರ್ಥಿಗೂ ಲ್ಯಾಪ್‌ಟಾಪ್: ಖರೀದಿಯ ನಂತರದ ಲೆಕ್ಕ

ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಲ್ಯಾಪ್‌ಟಾಪ್ ಕೊಡಬೇಕೇ ಎಂಬ ಚರ್ಚೆಯಲ್ಲಿ ಒಬ್ಬರು ಪರೀಕ್ಷೆಯ ಅಂಕಗಳನ್ನು ಮುಂದಿಟ್ಟರೆ, ಇನ್ನೊಬ್ಬರು ಸಮಾನ ಅವಕಾಶದ ಮಾತೆತ್ತುತ್ತಾರೆ, ಮತ್ತೊಬ್ಬರು ಪರದೆಯ ಮುಂದೆ ಕಳೆದುಹೋಗುವ ಏಕಾಗ್ರತೆಯ ಬಗ್ಗೆ ಎಚ್ಚರಿಸುತ್ತಾರೆ. ಇವು ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ವಾದಗಳಾದ್ದರಿಂದ ಒಂದಕ್ಕೊಂದು ಉತ್ತರವಾಗುವುದಿಲ್ಲ. ಯಾವ ವಾದ ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಗುವಿಗೆ ತನ್ನದೇ ಆದ ಕಂಪ್ಯೂಟರ್ ಇರಬೇಕೆಂಬ ಯೋಚನೆಯು ಗಣಿತಜ್ಞ ಸೀಮೋರ್ ಪ್ಯಾಪರ್ಟ್ ಮಕ್ಕಳಿಗಾಗಿ ರೂಪಿಸಿದ 'ಲೋಗೋ' ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಯೋಗಗಳಿಂದ ಹೊರಟು, 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಅಲನ್ ಕೇ ಅವರ 'ಡೈನಾಬುಕ್' ಎಂಬ, ಮಕ್ಕಳು ಕೈಯಲ್ಲಿ ಹಿಡಿದು ಒಯ್ಯಬಲ್ಲ ಕಂಪ್ಯೂಟರಿನ ಕಲ್ಪನೆಯಾಗಿ ಕಾಗದಕ್ಕಿಳಿದು, 1990ರಲ್ಲಿ ಮೆಲ್ಬರ್ನ್‌ನ ಮೆಥಡಿಸ್ಟ್ ಲೇಡೀಸ್ ಕಾಲೇಜ್ ಎಂಬ ಖಾಸಗಿ ಶಾಲೆಯ ತರಗತಿಗಳನ್ನು ತಲುಪಿ, 2002ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಸರ್ಕಾರಿ ಯೋಜನೆಯಾಯಿತು. ಅಲ್ಲಿಯವರೆಗೆ ಇದು ಅನುಕೂಲಸ್ಥ ದೇಶಗಳ ವಿಷಯವಾಗಿತ್ತು.

ಚಿತ್ರ ಬದಲಾದದ್ದು 2005ರಲ್ಲಿ. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ನಿಕೋಲಸ್ ನೆಗ್ರೊಪಾಂಟೆ ಆ ವರ್ಷದ ಆರಂಭದಲ್ಲಿ ದಾವೋಸ್‌ನಲ್ಲಿ ಮಂಡಿಸಿದ 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್' ಯೋಜನೆಗೆ 100 ಡಾಲರ್ ಎಂಬ ಗುರಿಬೆಲೆಯೇ ದೊಡ್ಡ ಪ್ರಚಾರವಾಯಿತು. ನವೆಂಬರ್‌ನಲ್ಲಿ ಟ್ಯುನಿಸ್‌ನಲ್ಲಿ ನಡೆದ ಮಾಹಿತಿ ಸಮಾಜ ಕುರಿತ ಶೃಂಗಸಭೆಯಲ್ಲಿ ವಿಶ್ವಸಂಸ್ಥೆಯ ಅಂದಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರೊಂದಿಗೆ ಪ್ರದರ್ಶಿಸಿದ ಮಾದರಿಗೆ ವಿದ್ಯುತ್ತಿಲ್ಲದ ಊರುಗಳಿಗೆಂದು ಕೈಯಿಂದ ತಿರುಗಿಸುವ ಹಿಡಿಯೊಂದಿತ್ತು. ತಯಾರಾಗಿ ಬಂದ ಯಂತ್ರದಲ್ಲಿ ಅದು ಉಳಿಯಲಿಲ್ಲ. ಬೆಲೆಯೂ ಉಳಿಯಲಿಲ್ಲ: 2007ರಲ್ಲಿ ಉತ್ಪಾದನೆ ಆರಂಭವಾದಾಗ ಅದು 188 ಡಾಲರ್ ಆಸುಪಾಸಿನಲ್ಲಿತ್ತು. ಹಾಗೆಂದು ಯಂತ್ರವನ್ನು ಹೀಗಳೆಯುವುದು ನ್ಯಾಯವಲ್ಲ. ಬಿಸಿಲಿನಲ್ಲೂ ಓದಬಹುದಾದ ಪರದೆ, ದೂಳು ನೀರು ಒಳನುಗ್ಗದ ಕೀಲಿಮಣೆ, ಅತಿ ಕಡಿಮೆ ವಿದ್ಯುತ್ ಬಳಕೆ, ಅಂತರ್ಜಾಲವಿಲ್ಲದೆಯೂ ಯಂತ್ರಗಳನ್ನು ಪರಸ್ಪರ ಜೋಡಿಸುವ ವ್ಯವಸ್ಥೆ, ಇವೆಲ್ಲ ಆ ಕಾಲಕ್ಕೆ ನಿಜವಾಗಿಯೂ ಹೊಸತಾಗಿದ್ದವು. ಇದು ಲ್ಯಾಪ್‌ಟಾಪ್ ಯೋಜನೆಯಲ್ಲ, ಶಿಕ್ಷಣ ಯೋಜನೆ ಎಂದು ಸಂಸ್ಥೆ ಹೇಳುತ್ತಿತ್ತು. ಆದರೆ ಸರ್ಕಾರಗಳ ಮುಂದೆ ಬಂದ ಪ್ರಸ್ತಾವದಲ್ಲಿ ಎದ್ದು ಕಾಣುತ್ತಿದ್ದುದು ಯಂತ್ರದ ಸಂಖ್ಯೆ. ಶಿಕ್ಷಕರ ತರಬೇತಿ, ದುರಸ್ತಿ, ಪಠ್ಯಸಾಮಗ್ರಿ ಆಯಾ ದೇಶಗಳ ಪಾಲಿಗೆ ಉಳಿದವು.

ಅದರ ಪರಿಣಾಮ ಸ್ಪಷ್ಟವಾಗಿ ಕಂಡದ್ದು ಪೆರುವಿನಲ್ಲಿ. 2008ರಿಂದ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದ ಆ ದೇಶದ 319 ಗ್ರಾಮೀಣ ಶಾಲೆಗಳನ್ನು ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್‌ನ ಸಂಶೋಧಕರು ಅಧ್ಯಯನ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಲ್ಯಾಪ್‌ಟಾಪ್ ಪಡೆದ ಶಾಲೆಗಳಲ್ಲಿ ವಿದ್ಯಾರ್ಥಿಗೊಂದಕ್ಕಿಂತ ಹೆಚ್ಚು ಕಂಪ್ಯೂಟರ್‌ಗಳಿದ್ದವು, ಬಳಕೆಯೂ ಹೆಚ್ಚಿತ್ತು. ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಾಮಾನ್ಯ ಬೌದ್ಧಿಕ ಸಾಮರ್ಥ್ಯದ ಪರೀಕ್ಷೆಗಳಲ್ಲಿ ಒಂದಿಷ್ಟು ಒಳ್ಳೆಯ ಪರಿಣಾಮ ಕಂಡಿತ್ತು, ಆದರೆ ಅದು ಸುದ್ದಿಯ ಶೀರ್ಷಿಕೆಗೆ ಏರಲಿಲ್ಲ. ಅಧ್ಯಯನಕ್ಕೆ ಒಳಪಟ್ಟ ಶಾಲೆಗಳಲ್ಲಿ ಅಂತರ್ಜಾಲ ಸಂಪರ್ಕ ಇಲ್ಲವೆನ್ನುವಷ್ಟು ವಿರಳವಾಗಿತ್ತು. ಹಾಳಾದರೆ ಹೊಣೆ ಹೊರಬೇಕಾಗುತ್ತದೆಂಬ ಅಂಜಿಕೆಯಿಂದ ಅನೇಕ ಕಡೆ ಮಕ್ಕಳು ಅದನ್ನು ಮನೆಗೆ ಒಯ್ಯಲೇ ಇಲ್ಲ. ಮಗುವಿನದೇ ಆಗಬೇಕೆಂದು ಕಲ್ಪಿಸಿದ ವಸ್ತು ಹೀಗೆ ಶಾಲೆಯ ಬೀರುವಿನ ಸ್ವತ್ತಾಯಿತು.

ಅದೇ ಯಂತ್ರವನ್ನು ಉರುಗ್ವೆ ಬೇರೆ ಬಗೆಯಲ್ಲಿ ಬಳಸಿತು. ಅಧ್ಯಕ್ಷ ತಬರೆ ವಾಸ್ಕೆಸ್ ಅವರ ಕಾಲದಲ್ಲಿ, 2007ರ ಮೇ ತಿಂಗಳಲ್ಲಿ ವಿಯ್ಯಾ ಕಾರ್ಡಾಲ್ ಎಂಬ ಸಣ್ಣ ಊರಿನಲ್ಲಿ ಶುರುವಾದ 'ಪ್ಲಾನ್ ಸೇಬಾಲ್', 2009ರ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳೆಲ್ಲರನ್ನೂ ತಲುಪಿತು. ಯೋಜನೆಗೆಂದೇ ಒಂದು ಸಂಸ್ಥೆ, ಶಾಲೆಗಳಿಗೆ ಸಂಪರ್ಕ, ದುರಸ್ತಿಯ ಏರ್ಪಾಡು, ವರ್ಷ ವರ್ಷದ ಅನುದಾನ ಎಲ್ಲವೂ ಜೊತೆಗೆ ಬಂದವು. ಅಲ್ಲಿಯೂ ಗಣಿತ ಮತ್ತು ಓದಿನ ಅಂಕಗಳು ಏರಲಿಲ್ಲವೆಂದೇ ಆರಂಭಿಕ ಅಧ್ಯಯನ ಹೇಳಿತು ಎಂಬುದನ್ನು ಉರುಗ್ವೆಯನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆದರೆ ಆಡಳಿತ ಬದಲಾದರೂ ಯೋಜನೆ ನಿಲ್ಲಲಿಲ್ಲ. ಇಂಗ್ಲಿಷ್ ಶಿಕ್ಷಕರ ಕೊರತೆಯಿದ್ದ ಶಾಲೆಗಳಿಗೆ 2012ರಿಂದ ವಿಡಿಯೊ ಮೂಲಕ ಪಾಠ ಮಾಡಿಸಲು ಇದೇ ಸಂಪರ್ಕಜಾಲ ನೆರವಾಯಿತು. ಅಂಕಗಳಿಗಿಂತ ಈ ಬಗೆಯ ಉಪಯೋಗವನ್ನೇ ಮೊದಲಿನಿಂದ ಗುರಿಯಾಗಿಟ್ಟುಕೊಂಡಿದ್ದರೆ ಚರ್ಚೆ ಇಷ್ಟು ಕಹಿಯಾಗುತ್ತಿರಲಿಲ್ಲವೇನೋ.

2011ರಲ್ಲಿ ಬಂದ ಕ್ರೋಮ್‌ಬುಕ್, ಅಂದರೆ ಗೂಗಲ್‌ನ ತಂತ್ರಾಂಶದಲ್ಲಿ ನಡೆಯುವ ಅಗ್ಗದ ಲ್ಯಾಪ್‌ಟಾಪ್, ಬೆಲೆಯ ತಕರಾರನ್ನು ಬಹುಮಟ್ಟಿಗೆ ಮುಗಿಸಿತು. ಶಾಲೆಗಳ ಕಂಪ್ಯೂಟರ್‌ಗಳಿಗೆ ಭಾರಿ ಹಣ ಹೂಡಿದ ದೇಶಗಳು ಓದು, ಗಣಿತ, ವಿಜ್ಞಾನಗಳಲ್ಲಿ ಹೇಳಿಕೊಳ್ಳುವಂಥ ಪ್ರಗತಿ ತೋರಿಲ್ಲವೆಂದು ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2015ರಲ್ಲಿ ವರದಿ ಮಾಡಿತಾದರೂ, 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಆ ಪ್ರಶ್ನೆಯೇ ಬದಿಗೆ ಸರಿಯಿತು. ಯಂತ್ರವಿಲ್ಲದ ಮಗುವಿಗೆ ಶಾಲೆಯೇ ಇಲ್ಲವೆಂಬ ಸ್ಥಿತಿಯಲ್ಲಿ ಕಲಿಕೆ ಹೆಚ್ಚುತ್ತದೆಯೇ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಸಮಾನ ಅವಕಾಶದ ವಾದಕ್ಕೆ ಇಂದಿರುವ ಬಲ ಬಂದದ್ದು ಆಗಲೇ. 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗೆ ವಿಶೇಷ ಹಣ ಒದಗಿಸಿದ ಸ್ವೀಡನ್‌ನ ನಿರ್ಧಾರ ಎದುರು ದಿಕ್ಕಿನದಾಗಿತ್ತು, ಏಕಾಗ್ರತೆಯ ವಾದವನ್ನು ಅದು ಮತ್ತೆ ಮುನ್ನೆಲೆಗೆ ತಂದಿತು.

ಈ ನಡುವೆ ಕೋವಿಡ್ ಕಾಲದಲ್ಲಿ ಅವಸರದಿಂದ ಕೊಂಡ ಯಂತ್ರಗಳಿಗೆ ವಯಸ್ಸಾಗುತ್ತಿದೆ. ಕ್ರೋಮ್‌ಬುಕ್‌ಗೆ ಭದ್ರತಾ ಅಪ್‌ಡೇಟ್ ನಿಲ್ಲುವ ದಿನಾಂಕ ಮೊದಲೇ ಗೊತ್ತಾಗಿರುತ್ತದೆ. 2023ರಲ್ಲಿ ಗೂಗಲ್ ಈ ಅವಧಿಯನ್ನು 10 ವರ್ಷಕ್ಕೆ ವಿಸ್ತರಿಸಿತಾದರೂ, ಎಣಿಕೆ ಆರಂಭವಾಗುವುದು ಆ ತಾಂತ್ರಿಕ ಮಾದರಿ ಮಾರುಕಟ್ಟೆಗೆ ಬಂದಾಗಿನಿಂದ, ಶಾಲೆ ಅದನ್ನು ಕೊಂಡಾಗಿನಿಂದ ಅಲ್ಲ. ಅಮೆರಿಕದಲ್ಲಿ ಇಂಥ ಖರೀದಿಗೆ ನೆರವಾಗಿದ್ದ ಕೋವಿಡ್ ಪರಿಹಾರ ನಿಧಿಯ ಕೊನೆಯ ಕಂತನ್ನು ವಿನಿಯೋಗಕ್ಕೆ ಗೊತ್ತುಪಡಿಸುವ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿದಿದ್ದು, ಹಳೆಯ ಯಂತ್ರಗಳನ್ನು ಬದಲಿಸುವ ವೆಚ್ಚ ಈಗ ಶಾಲೆಗಳ ವಾರ್ಷಿಕ ಬಜೆಟ್‌ನಲ್ಲಿ ಶಿಕ್ಷಕರ ಸಂಬಳದ ಪಕ್ಕದಲ್ಲೇ ಜಾಗ ಕೇಳುತ್ತಿದೆ.