ಲೆಕ್ಕ ಬರುತ್ತದೆ, ಹೊಳೆಯುವುದಿಲ್ಲ

ತರಬೇತಿಗೆ ಬರುವ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಹುಡುಗರಿಗೆ ಮೊದಲ ವಾರದಲ್ಲೇ ನಾನೊಂದು ಚೀಟಿ ಕೊಡುತ್ತೇನೆ. ಹತ್ತು ಕೆಜಿ ತೂಕದ ಮಗು, ಜ್ವರ. ಪ್ಯಾರಸಿಟಮಾಲ್ 250 ಸಿರಪ್, ಸಲಕ್ಕೆ 3 ಎಂಎಲ್. ಆಮೇಲೆ ನಾನೇ ಮಗುವಿನ ತಂದೆಯಾಗಿ ಕೌಂಟರಿನ ಈಚೆ ನಿಲ್ಲುತ್ತೇನೆ. "ಇದೇ ಔಷಧಿ ಮನೇಲಿ ಡ್ರಾಪ್ಸ್ ಇದೆ. ಅದನ್ನೇ ಇಷ್ಟು ಹಾಕ್ಲಾ?"

"ಹಾಕಿ ಸರ್, ಎರಡೂ ಒಂದೇ" ಅನ್ನುವವರೇ ಜಾಸ್ತಿ.

ಔಷಧಿ ಒಂದೇ, ಸರಿ. ಆದರೆ ಆ ಸಿರಪ್‌ನ 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಇರುತ್ತದೆ, ಅಂದರೆ 3 ಎಂಎಲ್‌ಗೆ 150. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಎಂಎಲ್‌ಗೆ 100. ಅದನ್ನೂ 3 ಎಂಎಲ್ ಹಾಕಿದರೆ ಮಗುವಿನ ಹೊಟ್ಟೆಗೆ ಎರಡು ಪಟ್ಟು ಹೋಯಿತು. ಹಾಕಬೇಕಾದ್ದು ಒಂದೂವರೆ ಎಂಎಲ್. ಇದೇ ಲೆಕ್ಕವನ್ನು ಹಾಳೆಯ ಮೇಲೆ ಕೊಡಿ, ಅದೇ ಹುಡುಗರು ಅರ್ಧ ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ. ಲೆಕ್ಕ ಬರುತ್ತದೆ. ಇಲ್ಲಿ ಲೆಕ್ಕ ಹಾಕಬೇಕು ಅಂತ ಹೊಳೆಯುವುದಿಲ್ಲ.

ಫಾರ್ಮಸಿಸ್ಟ್ ಅಂತ ನೋಂದಣಿ ಮಾಡಿಕೊಳ್ಳುವ ಮುಂಚೆ ನೋಡಬೇಕಾದ್ದು ಇದನ್ನೇ ಅಲ್ವಾ? ಭಾರತೀಯ ಫಾರ್ಮಸಿ ಪರಿಷತ್ತು ಡಿ.ಫಾರ್ಮ ಮುಗಿಸಿದವರಿಗಾಗಿ 2022ರಲ್ಲಿ ನಿರ್ಗಮನ ಪರೀಕ್ಷೆಯ ನಿಯಮ ತಂದಿತು. ಮೂರು ಪತ್ರಿಕೆ, ಎಲ್ಲವೂ ಸರಿಯುತ್ತರ ಆರಿಸುವ ಪ್ರಶ್ನೆಗಳು. ಮೂರರಲ್ಲೂ ಒಂದೇ ಸಲಕ್ಕೆ ಶೇ 50 ಬರಬೇಕು. ನಾನು ಇದರ ವಿರೋಧಿಯಲ್ಲ. ಏನೂ ಓದದೆ ಬಂದವರನ್ನಾದರೂ ಇದು ತಡೆಯುತ್ತದೆ. ಆದರೆ ನಾಲ್ಕು ಉತ್ತರ ಎದುರಿಗಿಟ್ಟು ಕೇಳಿದಾಗ, ಇಲ್ಲೊಂದು ಪ್ರಶ್ನೆ ಇದೆ ಅನ್ನುವುದನ್ನು ನಾವೇ ಹೇಳಿಕೊಟ್ಟ ಹಾಗಾಯಿತು. ಅಂಗಡಿಯಲ್ಲಿ ಯಾರೂ ಹಾಗೆ ಹೇಳಿಕೊಡುವುದಿಲ್ಲ.

ಆ ಕೊರತೆ ತುಂಬಬೇಕಾದ್ದು 500 ಗಂಟೆಗಳ ತರಬೇತಿ. ಮೂರು ತಿಂಗಳು ಕೌಂಟರಿನಲ್ಲಿ ನಿಂತವನಿಗೂ ಸುಮ್ನೆ ರ‍್ಯಾಕ್ ಜೋಡಿಸಿದವನಿಗೂ ಕೊನೆಗೆ ಸಿಗುವುದು ಒಂದೇ ಪ್ರಮಾಣಪತ್ರ. ಒಂದು ದಿನವೂ ಬಾರದೆ, ಕೊನೆಗೆ ಸಹಿಗೆಂದು ಸ್ವೀಟ್ ಬಾಕ್ಸ್ ಹಿಡಿದು ಬಂದವನನ್ನೂ ನಾನು ನೋಡಿದ್ದೇನೆ.

ಕೆನಡಾದಲ್ಲಿ ಅರ್ಹತಾ ಪರೀಕ್ಷೆಗೆ ಎರಡು ಭಾಗ. ಒಂದು ಬರಹದ್ದು, ಇನ್ನೊಂದು ನಟಿಸುವ ರೋಗಿಗಳ ಎದುರು. ಒಂದಾದ ಮೇಲೊಂದು ಸನ್ನಿವೇಶ, ಪ್ರತಿಯೊಂದಕ್ಕೂ ಕೆಲವೇ ನಿಮಿಷ, ಅಂಕ ಕೊಡಲು ಒಬ್ಬರು. ಇಲ್ಲಿಂದ ಹೋದ ನಮ್ಮ ಫಾರ್ಮಸಿಸ್ಟರೂ ಅದನ್ನು ದಾಟಬೇಕು. ಖರ್ಚು ಜಾಸ್ತಿ, ನಿಜ. ಆದರೆ ತರಬೇತಿ ನಡೆಯುವ ಕಡೆಯಲ್ಲೇ ಇದನ್ನು ಸಣ್ಣದಾಗಿ ಮಾಡಲು ಒಂದು ಮೇಜು, ಎರಡು ಕುರ್ಚಿ ಸಾಕು.

ನನ್ನ ಮೇಜಿನ ಮೇಲೆ ಒಂದು ಫೋನ್ ಕೂಡ ಇರುತ್ತದೆ. ಸಂಧಿವಾತದ ರೋಗಿಗೆ ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ, "ದಿನಕ್ಕೊಮ್ಮೆ" ಅಂತ ಬರೆದ ಚೀಟಿ ಇಡುತ್ತೇನೆ. ಈ ಕಾಯಿಲೆಗೆ ಅದು ವಾರಕ್ಕೊಮ್ಮೆ. ದಿನಾ ನುಂಗಿದರೆ ಮೂಳೆಮಜ್ಜೆ ರಕ್ತ ಮಾಡುವುದನ್ನೇ ಬಿಟ್ಟು ಜೀವಕ್ಕೇ ಕುತ್ತು ಬರಬಹುದು. ತಪ್ಪು ಗುರುತಿಸುವವರು ಹಲವರಿದ್ದಾರೆ. ಫೋನ್ ಎತ್ತುವವರು ಕಡಿಮೆ. ಡಾಕ್ಟರಿಗೆ ಹೇಗಪ್ಪಾ ಹೇಳೋದು ಅನ್ನುವ ಅಳುಕು.

ಹೋದ ವರ್ಷ ಒಬ್ಬಳು ಎತ್ತಿದಳು. ನಾನು ಡಾಕ್ಟರ್ ಆಗಿ ಗದರಿದೆ, "ನನಗೇ ಹೇಳಿಕೊಡ್ತೀಯೇನಮ್ಮಾ?" ಅವಳ ದನಿ ನಡುಗುತ್ತಿತ್ತು. "ಇಲ್ಲ ಸರ್, ವಾರಕ್ಕೊಂದಾ, ದಿನಕ್ಕೊಂದಾ ಅಂತ ನೀವು ಹೇಳೋವರೆಗೂ ಮಾತ್ರೆ ಕೊಡಲ್ಲ. ಪೇಷಂಟ್ ಇಲ್ಲೇ ಕೂತಿದ್ದಾರೆ."