ಇಟಾಲಿಯನ್‌ನ ಗಟ್ಟಿ ಸಿ, ಮೆತ್ತನೆ ಸಿ

ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಆಲಿವ್ ಎಣ್ಣೆ ಹಾಕಿ ಕೊಡುವ ತಿಂಡಿಯನ್ನು ನಮ್ಮಲ್ಲಿ ಬಹಳ ಜನ ಬ್ರುಶೆಟಾ ಅನ್ನುತ್ತಾರೆ. ಇಟಲಿಯಲ್ಲಿ ಅದು ಬ್ರುಸ್ಕೆತ್ತ. ಸ್ಪೆಲಿಂಗ್ ಅವರದು, ನಾವು ಓದುವುದು ಇಂಗ್ಲಿಷ್ ರೂಢಿಯಲ್ಲಿ. ಅದೇ ತೊಂದರೆ.

ಇಟಾಲಿಯನ್‌ನಲ್ಲಿ ಸಿ, ಜಿ ಎರಡಕ್ಕೂ ಎರಡೆರಡು ಉಚ್ಚಾರಣೆ. ಯಾವುದನ್ನು ಹೇಳಬೇಕು ಅನ್ನುವುದನ್ನು ಮುಂದಿನ ಸ್ವರ ತೀರ್ಮಾನಿಸುತ್ತದೆ. ಅ, ಒ, ಉ ಬಂದರೆ ಗಟ್ಟಿ, ಅಂದರೆ ಕ ಮತ್ತು ಗ: ಕಾಸಾ (ಮನೆ), ಗತ್ತೊ (ಬೆಕ್ಕು). ಇ, ಎ ಬಂದರೆ ಮೆತ್ತಗೆ, ಚ ಮತ್ತು ಜ: ಚೇನಾ (ರಾತ್ರಿ ಊಟ), ಜೆಲಾತೊ.

ಇ, ಎ ಇದ್ದರೂ ಗಟ್ಟಿ ದನಿಯೇ ಬೇಕಾದರೆ? ನಡುವೆ ಒಂದು ಎಚ್ ಬರೆಯುತ್ತಾರೆ. ಆ ಎಚ್‌ಗೆ ಸ್ವಂತ ದನಿ ಇಲ್ಲ, ಕ, ಗ ಮೆತ್ತಗಾಗದಂತೆ ತಡೆಯುವುದಷ್ಟೇ ಅದರ ಕೆಲಸ. ಸ್ಪಗೆತ್ತಿ, ಲಂಬೊರ್ಗಿನಿ, ಪಿನೊಕ್ಕಿಯೊ ಎಲ್ಲದರಲ್ಲೂ ಅದಿದೆ. ಸಿ-ಎಚ್ ಕಂಡ ಕೂಡಲೇ ಚ ಅನ್ನುವ ನಮ್ಮ ಅಭ್ಯಾಸ ಎಡವುವುದು ಇಲ್ಲೇ. ಮಿಕೆಲಾಂಜೆಲೊ ಹೆಸರಿನಲ್ಲಂತೂ ಗಟ್ಟಿ ಕ, ಮೆತ್ತನೆ ಜ ಎರಡೂ ಇವೆ.

ಉಲ್ಟಾ ಕೆಲಸಕ್ಕೆ, ಅಂದರೆ ಅ, ಒ, ಉ ಇದ್ದರೂ ಮೆತ್ತಗೆ ಹೇಳಿಸಲು, ಐ ಅಕ್ಷರ. ಚಾವೊ, ಜೊವಾನ್ನಿ ಬರೆಯುವಾಗ ಐ ಇರುತ್ತದೆ, ಹೇಳುವಾಗ ಇರುವುದಿಲ್ಲ. ಜಿಯೊವಾನ್ನಿ ಅಂತ ಎಳೆಯುವುದು ಬೇಡ. ಒತ್ತು ಐ ಮೇಲೆಯೇ ಬಿದ್ದರೆ ಮಾತ್ರ ಅದು ಕೇಳಿಸುತ್ತದೆ: ಫರ್ಮಚೀಯ (ಔಷಧಿ ಅಂಗಡಿ).

ಹಿಂದೆ ಎಸ್ ಇದ್ದರೆ ಮೆತ್ತನೆ ಸಿ ಚ ಆಗುವುದಿಲ್ಲ, ಎರಡೂ ಸೇರಿ ಶ ಆಗುತ್ತದೆ. ಪೆಶೆ ಅಂದರೆ ಮೀನು. ಅದಕ್ಕೇ ಒಂದು ಎಚ್ ತುರುಕಿದರೆ ಪೆಸ್ಕೆ, ಅಂದರೆ ಪೀಚ್ ಹಣ್ಣುಗಳು! ಊಟಕ್ಕೆ ಹೇಳುವಾಗ ಸ್ವಲ್ಪ ಹುಷಾರು.

ಹಳೆಯ ಲ್ಯಾಟಿನ್‌ನಲ್ಲಿ ಈ ತಾಪತ್ರಯ ಇರಲಿಲ್ಲ. ಸಿ ಅಂದರೆ ಯಾವಾಗಲೂ ಕ. ರೋಮಿನ ವಾಗ್ಮಿ ಸಿಸೆರೊ ಆಗ ಕಿಕೆರೊ ಆಗಿದ್ದ, ಇಟಾಲಿಯನ್‌ನಲ್ಲಿ ಚಿಚೆರೋನೆ ಆದ. ಇ, ಎ ಹೇಳುವಾಗ ನಾಲಿಗೆ ಮುಂದೆ ಸರಿಯುತ್ತದೆ, ಹಿಂದಿನ ಕ ಅದರ ಜೊತೆ ಜಾರಿ ಚ ಆಗುತ್ತದೆ. ಇದು ನಮ್ಮ ಪಕ್ಕದಲ್ಲೂ ಆಗಿದೆ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ಕೆರೆ ಅಲ್ಲಿ ಚೆರುವು. ಆದರೆ ಕನ್ನಡ ಹಳೇ ಕ ಬಿಟ್ಟುಕೊಡಲಿಲ್ಲ.

ಇಷ್ಟು ಗೊತ್ತಾದರೆ ಬರೆದದ್ದನ್ನು ಓದಬಹುದು. ಬಹುವಚನ ಮಾಡುವಾಗ ಮಾತ್ರ ಸುಮ್ನೆ ಬಾಯಿಪಾಠವೇ ಗತಿ. ಅಮೀಕೊ (ಗೆಳೆಯ) ಹೋಗಿ ಅಮೀಚಿ ಆಗುತ್ತದೆ, ಪಾರ್ಕೊ (ಪಾರ್ಕು) ಪಾರ್ಕಿಯಾಗಿಯೇ ಉಳಿಯುತ್ತದೆ. ಗೆಳತಿಯರಾದರೆ ಅಮೀಕೆ, ಅಲ್ಲಿ ಎಚ್ ತಪ್ಪುವುದೇ ಇಲ್ಲ.