ದೂರು ಪ್ರಾಜೆಕ್ಟ್‌ನ ಹಿರಿಯರ ಮೇಲೇ ಬಂದರೆ? ಓಪನ್ ಸೋರ್ಸ್ ನೀತಿ ಸಂಹಿತೆಯ ಜಾರಿ ಕುರಿತು ಟಿಪ್ಪಣಿ

ಓಪನ್ ಸೋರ್ಸ್ ಪ್ರಾಜೆಕ್ಟ್ (ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್) ಒಂದರ ನೀತಿ ಸಂಹಿತೆ, ಅಂದರೆ ಅಲ್ಲಿ ಕೆಲಸ ಮಾಡುವವರು ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳು, ಓದಿ ಮುಗಿಸಲು ಹೆಚ್ಚು ಹೊತ್ತು ಬೇಕಿಲ್ಲ. ಎಷ್ಟೋ ಪ್ರಾಜೆಕ್ಟ್‌ಗಳು 2014ರಲ್ಲಿ ಕೊರಲೈನ್ ಅಡಾ ಎಮ್ಕೆ ಬರೆದ ‘ಕಾಂಟ್ರಿಬ್ಯೂಟರ್ ಕವನೆಂಟ್’ ಎಂಬ ಸಿದ್ಧ ಸಂಹಿತೆಯನ್ನೇ ತಂದು ಇಟ್ಟುಕೊಂಡಿವೆ. ಕಷ್ಟ ಶುರುವಾಗುವುದು ಮೊದಲ ದೂರು ಬಂದ ಮೇಲೆ. ಹೊಸಬರು ಎಡವಿದರೆ ತಿದ್ದಬಹುದು, ಕೇಳದಿದ್ದರೆ ಹೊರಗಿಡಬಹುದು. ಅದಕ್ಕೆ ಯಾರ ವಿರೋಧವೂ ಇರುವುದಿಲ್ಲ. ಪ್ರಾಜೆಕ್ಟ್ ಯಾರ ಕೆಲಸದ ಮೇಲೆ ನಿಂತಿದೆಯೋ ಅವರ ಮೇಲೇ ದೂರು ಬಂದರೆ ಏನು ಮಾಡುವುದು? ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ ಕಥೆಯನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ವಿಷಯ ಬೇಗ ಅರ್ಥವಾಗುತ್ತದೆ.

2015ರಲ್ಲಿ ಕರ್ನಲ್‌ಗೆ ‘ಕೋಡ್ ಆಫ್ ಕಾನ್‌ಫ್ಲಿಕ್ಟ್’ ಎಂಬ ಪುಟ್ಟ ದಾಖಲೆ ಬಂತು. ನಿಮ್ಮ ಕೋಡ್ ಕಟುವಾದ ವಿಮರ್ಶೆಗೆ ಒಳಗಾಗುತ್ತದೆ, ಸಿದ್ಧರಾಗಿರಿ ಎನ್ನುವುದೇ ಅದರ ಒಟ್ಟು ಧಾಟಿ. ವೈಯಕ್ತಿಕ ನಿಂದನೆ ಅನ್ನಿಸಿದರೆ ಟೆಕ್ನಿಕಲ್ ಅಡ್ವೈಸರಿ ಬೋರ್ಡ್‌ಗೆ (ತಾಂತ್ರಿಕ ಸಲಹಾ ಮಂಡಳಿ) ತಿಳಿಸಿ, ಕೈಲಾದಷ್ಟು ಮಟ್ಟಿಗೆ ಬಗೆಹರಿಸುತ್ತಾರೆ ಎಂದಿತ್ತು. ಬೋರ್ಡ್ ಯಾವ ಕ್ರಮ ಕೈಗೊಳ್ಳಬಲ್ಲದು ಎಂಬ ಮಾತೇ ಇರಲಿಲ್ಲ. ಅದೂ ಅಲ್ಲದೆ, ಖಾರದ ಈಮೇಲ್‌ಗಳಿಗೆ ಎಲ್ಲರಿಗಿಂತ ಹೆಸರಾಗಿದ್ದವರು ಖುದ್ದು ಕರ್ನಲ್‌ನ ಜನಕ ಲೀನಸ್ ಟೊರ್ವಾಲ್ಡ್ಸ್!

2018ರ ಸೆಪ್ಟೆಂಬರ್ 16ರಂದು, ಕರ್ನಲ್‌ನ 4.19 ಆವೃತ್ತಿಯ ಪರೀಕ್ಷಾ ಬಿಡುಗಡೆಯಾದ 4.19-ಆರ್‌ಸಿ4ರ ಪ್ರಕಟಣೆಯಲ್ಲೇ, ತಾವು ಈಮೇಲ್‌ಗಳಲ್ಲಿ ಜನರ ಮೇಲೆ ಹರಿಹಾಯ್ದದ್ದು ಸರಿಯಲ್ಲ ಎಂದು ಒಪ್ಪಿ ಅವರು ಕ್ಷಮೆ ಕೇಳಿದರು, ಸ್ವಲ್ಪ ಕಾಲ ರಜೆ ತೆಗೆದುಕೊಂಡರು. ಆ ಆವೃತ್ತಿಯನ್ನು ಇನ್ನೊಬ್ಬ ಹಿರಿಯ ಡೆವಲಪರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮುಗಿಸಿಕೊಟ್ಟರು. ಕಾಂಟ್ರಿಬ್ಯೂಟರ್ ಕವನೆಂಟ್ ಆಧರಿಸಿದ ಹೊಸ ಸಂಹಿತೆ ಕರ್ನಲ್‌ಗೆ ಬಂದದ್ದು ಆಗಲೇ. ನನ್ನ ಮಟ್ಟಿಗೆ ಹೇಳುವುದಾದರೆ, ಹೊಸ ಪಠ್ಯಕ್ಕಿಂತ ಆ ಕ್ಷಮಾಪಣೆಯೇ ಹೆಚ್ಚು ಕೆಲಸ ಮಾಡಿತು.

ಆದರೆ ಕ್ಷಮೆ ಕೇಳದವರನ್ನು ಏನು ಮಾಡುವುದು? ಅದಕ್ಕೆ ಉತ್ತರ ಸಿಕ್ಕಿದ್ದು 2024ರಲ್ಲಿ. ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಕರ್ತೃ ಕೆಂಟ್ ಓವರ್‌ಸ್ಟ್ರೀಟ್, ಮೆಮೊರಿ ಹಂಚಿಕೆಯ ಬಗ್ಗೆ ನಡೆದ ವಾದದಲ್ಲಿ ಇನ್ನೊಬ್ಬ ಡೆವಲಪರ್‌ಗೆ ‘ಹೋಗಿ ತಲೆ ಪರೀಕ್ಷೆ ಮಾಡಿಸಿಕೋ’ ಎಂಬರ್ಥದ ಮಾತು ಬರೆದರು. ಸಂಹಿತೆಯ ಜಾರಿ ನೋಡಿಕೊಳ್ಳುವ ಕರ್ನಲ್‌ನ ಸಮಿತಿ, ಅವರು ಬಹಿರಂಗವಾಗಿ ಕ್ಷಮೆ ಕೇಳಬೇಕು ಎಂದಿತು. ಅದು ಬಾರದಿದ್ದಾಗ, 6.13 ಆವೃತ್ತಿಯ ಅವಧಿಯಲ್ಲಿ ಅವರ ಪುಲ್ ರಿಕ್ವೆಸ್ಟ್‌ಗಳನ್ನು (ತಮ್ಮ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ತೆಗೆದುಕೊಳ್ಳುವುದಿಲ್ಲ ಎಂದು ನವೆಂಬರ್‌ನಲ್ಲಿ ಬಹಿರಂಗವಾಗಿಯೇ ಪ್ರಕಟಿಸಿತು.

ಇಲ್ಲಿ ಗಮನಿಸಬೇಕಾದ್ದು ಶಿಕ್ಷೆಯ ಅಳತೆ. ಕರ್ನಲ್‌ನ ನಿಯಮದಂತೆ ಇಂಥ ನಿರ್ಬಂಧ ಹೆಚ್ಚೆಂದರೆ ಒಂದು ಪೂರ್ತಿ ಆವೃತ್ತಿಯ ಅವಧಿ, ಅಂದರೆ 9–10 ವಾರ. ಸಮಿತಿ ತಾನೊಂದೇ ಅದನ್ನು ಹೇರುವಂತಿಲ್ಲ. ಅಡ್ವೈಸರಿ ಬೋರ್ಡ್‌ನ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ಶಿಕ್ಷೆಗೊಂದು ಕೊನೆ ಇದೆ, ತೀರ್ಪು ಒಬ್ಬರ ಕೈಯಲ್ಲಿಲ್ಲ. ಅದು ಚುಚ್ಚಬೇಕಾದವರಿಗೆ ಚುಚ್ಚುತ್ತದೆ ಕೂಡ, ಏಕೆಂದರೆ ಕೋಡ್‌ನ ಒಂದು ಭಾಗದ ಹೊಣೆ ಹೊತ್ತ ಮೇಂಟೇನರ್‌ಗೆ ಪುಲ್ ರಿಕ್ವೆಸ್ಟ್ ನಿಂತರೆ ಕೈ ಕಟ್ಟಿದಂತೆ. ಒಂದು ತಕರಾರು ಮಾತ್ರ ನನಗೆ ಉಳಿದಿದೆ: ಮೇಂಟೇನರ್‌ನ ಕೈ ಕಟ್ಟಿದಾಗ ಆ ಫೈಲ್ ಸಿಸ್ಟಮ್‌ನಲ್ಲಿ ತಮ್ಮ ಡೇಟಾ ಇಟ್ಟ ಬಳಕೆದಾರರಿಗೂ ಅದರ ಬಿಸಿ ತಟ್ಟುತ್ತದೆ.

ಕಟು ವಿಮರ್ಶೆ ಎಲ್ಲಿ ಉಲ್ಲಂಘನೆಯಾಗುತ್ತದೆ ಎಂದು ಪರೀಕ್ಷಿಸಿ ನೋಡಲು ಎರಡು ಕಲ್ಪಿತ ವಾಕ್ಯ. (ಲಾಕ್ ಎಂದರೆ ಒಂದೇ ಡೇಟಾವನ್ನು ಎರಡು ಕೆಲಸಗಳು ಒಟ್ಟಿಗೆ ಮುಟ್ಟದಂತೆ ತಡೆಯುವ ಕೋಡ್, ಡೆಡ್‌ಲಾಕ್ ಎಂದರೆ ಅವು ಒಂದಕ್ಕೊಂದು ಕಾಯುತ್ತ ನಿಂತುಬಿಡುವುದು, ಪ್ಯಾಚ್ ಎಂದರೆ ಕೋಡ್‌ಗೆ ಕಳಿಸಿದ ತಿದ್ದುಪಡಿ.) ‘ಲಾಕ್ ತಪ್ಪು ಜಾಗದಲ್ಲಿದೆ, ಡೆಡ್‌ಲಾಕ್ ಆಗುತ್ತದೆ, ಈ ಪ್ಯಾಚ್ ತೆಗೆದುಕೊಳ್ಳುವುದಿಲ್ಲ.’ ಮಾತು ಒರಟು, ಆದರೆ ಉಲ್ಲಂಘನೆಯಲ್ಲ. ‘ಲಾಕ್ ಎಲ್ಲಿ ಹಾಕಬೇಕೆಂದೂ ಗೊತ್ತಿಲ್ಲದವನು ಇಲ್ಲಿಗೆ ಯಾಕೆ ಬಂದೆ?’ ತಾಂತ್ರಿಕ ಅಂಶ ಅದೇ. ಆದರೆ ಇದು ಉಲ್ಲಂಘನೆ. ಇಂಥ ಹೊತ್ತಲ್ಲಿ ‘ಅವರು ಹೇಳಿದ್ದರಲ್ಲಿ ತಪ್ಪೇನಿದೆ, ಲಾಕ್ ನಿಜಕ್ಕೂ ತಪ್ಪಾಗಿತ್ತಲ್ಲ’ ಎನ್ನುವವರು ಬಂದೇ ಬರುತ್ತಾರೆ. ಸಮಿತಿಯ ಮುಂದಿರುವುದು ಲಾಕ್‌ನ ಪ್ರಶ್ನೆಯಲ್ಲ.

ಕ್ರಮದ ಮೆಟ್ಟಿಲುಗಳು ಸರಳ. ಕಾಂಟ್ರಿಬ್ಯೂಟರ್ ಕವನೆಂಟ್‌ನ 2.0 ಆವೃತ್ತಿ ನಾಲ್ಕನ್ನು ಹೇಳುತ್ತದೆ: ತಿದ್ದಿ ಹೇಳುವುದು, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಶಾಶ್ವತ ನಿಷೇಧ. ಇದು ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾದ ಪದ್ಧತಿಯಿಂದ ಪ್ರೇರಿತ.

ಗೋಪ್ಯತೆ ಇಷ್ಟು ಸರಳವಲ್ಲ. 2024ರ ಆಗಸ್ಟ್‌ನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯನ್ನು ಮುನ್ನಡೆಸುವ ಸ್ಟೀರಿಂಗ್ ಕೌನ್ಸಿಲ್, ಅದರ ಹಳೆಯ ಕೋರ್ (ಮುಖ್ಯ) ಡೆವಲಪರ್ ಟಿಮ್ ಪೀಟರ್ಸ್ ಅವರನ್ನು 3 ತಿಂಗಳು ಅಮಾನತು ಮಾಡಿದಾಗ, ಕಾರಣಗಳ ಪಟ್ಟಿ ಕೊಟ್ಟರೂ ‘ಯಾವ ಮಾತು, ಎಲ್ಲಿ?’ ಎಂಬ ಜಗಳ ಹೊತ್ತಿಕೊಂಡಿತು. ವಿವರ ಬಿಟ್ಟುಕೊಟ್ಟರೆ ದೂರುದಾರರು ಯಾರೆಂದು ಗೊತ್ತಾಗಬಹುದು. ಮುಚ್ಚಿಟ್ಟರೆ ತೀರ್ಪಿನ ಮೇಲೇ ಅನುಮಾನ. ನಿಂದನೆ ಬಹಿರಂಗವಾಗಿ ನಡೆದಿದ್ದರೆ ಉಲ್ಲೇಖವೂ ಬಹಿರಂಗವಾಗಿರಲಿ, ಖಾಸಗಿ ದೂರಾದರೆ ಸಾರಾಂಶ ಸಾಕು ಎನ್ನುವುದು ನನ್ನ ನಿಲುವು.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಕರಣ ಇನ್ನೂ ಬೇರೆ. 2021ರ ನವೆಂಬರ್ 22ರಂದು ಸಂಹಿತೆ ಜಾರಿ ಮಾಡಬೇಕಾದ ಅದರ ಮಾಡರೇಷನ್ ತಂಡ ಪೂರ್ತಿಯಾಗಿ ರಾಜೀನಾಮೆ ಕೊಟ್ಟಿತು. ಪ್ರಾಜೆಕ್ಟ್ ಮುನ್ನಡೆಸುವ ಕೋರ್ ಟೀಮ್ ಯಾರಿಗೂ ಉತ್ತರದಾಯಿಯಲ್ಲ, ಅವರ ಮೇಲೆ ಸಂಹಿತೆ ಜಾರಿ ಮಾಡಲು ಆಗುತ್ತಿಲ್ಲ ಎಂಬುದು ಮಾಡರೇಷನ್ ತಂಡದವರ ದೂರು. ರಾಜೀನಾಮೆ ಬಿಟ್ಟರೆ ಬೇರೆ ಅಸ್ತ್ರ ಅವರ ಕೈಯಲ್ಲಿರಲಿಲ್ಲ ಎಂದೇ ನನ್ನ ಓದು. 2023ರಲ್ಲಿ ಕೋರ್ ಟೀಮ್ ಹೋಗಿ ಲೀಡರ್‌ಶಿಪ್ ಕೌನ್ಸಿಲ್ ಬಂತು.

ಹಾಗಾಗಿ ಯಾವುದೇ ಪ್ರಾಜೆಕ್ಟ್‌ನ ಸಂಹಿತೆಯನ್ನು ತೆರೆದಾಗ ಮೊದಲು ನೋಡಬೇಕಾದ್ದು ದೂರಿನ ವಿಳಾಸ. ಕಾಂಟ್ರಿಬ್ಯೂಟರ್ ಕವನೆಂಟ್‌ನ ನಮೂನೆಯಲ್ಲಿ ‘ಸಂಪರ್ಕ ವಿಧಾನವನ್ನು ಇಲ್ಲಿ ತುಂಬಿ’ ಎಂಬ ಖಾಲಿ ಜಾಗ ಇರುತ್ತದೆ. ಅದನ್ನು ತುಂಬದೆಯೇ ಹಾಕಿಕೊಂಡ ರೆಪೊಗಳೂ (ಪ್ರಾಜೆಕ್ಟ್‌ನ ಕೋಡ್ ಇಡುವ ಜಾಗ) ಇವೆ. ತುಂಬಿದ್ದರೂ ಅದು ಒಬ್ಬರೇ ಮೇಂಟೇನರ್‌ನ ಇನ್‌ಬಾಕ್ಸೋ, ಇಬ್ಬರು ಮೂವರು ನೋಡುವ ವಿಳಾಸವೋ ನೋಡಿ. ಒಬ್ಬರದ್ದೇ ಆದರೆ, ಅವರ ಮೇಲಿನ ದೂರನ್ನು ಓದುವವರೂ ಅವರೇ.